ಕಾರುಗಳ ಸಿನಿಮಾ, ಭಾಗ ಎರಡು

ತೆರೆಯ ಮೇಲೆ ಹಳದಿ ಕಾರೊಂದು ಮೂರನೇ ಮಹಡಿಯ ಕಿಟಕಿಯಿಂದ ಹಾರಿ, ಹೋಗುತ್ತಿದ್ದ ಹಡಗಿನ ಮೇಲೆ ಇಳಿದು, ಏನೂ ಆಗದಂತೆ ಮುಂದೆ ಓಡಿತು. ಇಡೀ ಟಾಕೀಸು ಗೊಳ್ಳೆಂದು ನಕ್ಕಿತು. ನಡುಸಾಲಿನಲ್ಲಿ ಕೂತಿದ್ದ ದರ್ಜಿ ಹೆಂಗಸೂ ನಕ್ಕಳು. ಪಕ್ಕದಲ್ಲಿದ್ದ ಅವಳ ಗಂಡನೂ ನಕ್ಕ. ಆದರೆ ಎಲ್ಲರೂ ನಕ್ಕಾದ ಮೇಲೆ.

ಅವನು ಸಿಟಿ ಬಸ್ಸಿನ ಡ್ರೈವರ್. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಅಪಘಾತವಿಲ್ಲ, ನಲವತ್ತರ ಮೇಲೆ ಸ್ಪೀಡೋಮೀಟರಿನ ಮುಳ್ಳು ಏರಿದ್ದಿಲ್ಲ. ಹಾಗಿದ್ದೂ ರಸ್ತೆ ರೇಸಿನ ಸಿನಿಮಾ ಎಂದರೆ ಗಂಡ ಹೆಂಡತಿ ಇಬ್ಬರಿಗೂ ಹುಚ್ಚು. ಮೊದಲನೇ ಭಾಗ ನೋಡಿ ಬಂದಾಗ ಮಗಳು, "ಬುದ್ಧಿ ಇರೋರು ನೋಡೋ ಸಿನಿಮಾನಾ ಅದು?" ಎಂದು ಮುಖ ಸಿಂಡರಿಸಿದ್ದಳು. ಅಂದಿನಿಂದ ಇಂಥ ಮ್ಯಾಟಿನಿಗೆ ಹೊರಟಾಗಲೆಲ್ಲ ಮಗಳಿಗೆ, ದೊಡ್ಡಮ್ಮನಿಗೆ ಹುಷಾರಿಲ್ಲ, ನೋಡಿಬರುತ್ತೇವೆ ಎನ್ನುವುದು ರೂಢಿ. ಪಾಪ, ದೊಡ್ಡಮ್ಮ ತನಗೇ ಗೊತ್ತಿಲ್ಲದೆ ಏಳೆಂಟು ಕಾಯಿಲೆಗಳಿಂದ ಗುಣವಾಗಿದ್ದಳು.

ಖಳನ ವಿಗ್ಗು ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತು. ಜನ ಬಿದ್ದು ಬಿದ್ದು ನಕ್ಕರು. ಗಂಡ ಅವಳತ್ತ ಕಿವಿ ವಾಲಿಸಿ, ಅವಳ ನಗು ಕೇಳಿಸಿದ ಮೇಲೆ ನಕ್ಕ. ಅವಳು ತೆರೆ ಬಿಟ್ಟು ಅವನ ಮುಖ ನೋಡಿದಳು.

"ಆ ಕೆಂಪು ಕಾರಲ್ಲಿರೋದು ಹೀರೋನೇ ಅಲ್ವಾ?" ಎಂದಳು.

"ಮತ್ತಿನ್ಯಾರು? ಓಡ್ಸೋದು ನೋಡಿದ್ರೆ ಗೊತ್ತಾಗಲ್ವಾ?"

ತೆರೆಯ ಮೇಲೆ ನಾಯಕನ ತಾಯಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಎಲ್ಲೋ ದೂರದಲ್ಲಿ ಎಂಜಿನ್ನಿನ ಸದ್ದಷ್ಟೇ ಇತ್ತು.

ಮಧ್ಯಂತರದಲ್ಲಿ ದೀಪ ಹತ್ತಿತು. ಅವಳು ಮೆಲ್ಲಗೆ ಕೇಳಿದಳು: "ಯಾವಾಗಿಂದ ರೀ?"

ಅವನು ಸುಳ್ಳು ಹೇಳಲಿಲ್ಲ. "ಆರು ತಿಂಗಳಾಯ್ತು. ಬದಿಯಲ್ಲಿರೋದು ಕಾಣುತ್ತೆ. ನಟ್ಟನಡುವೆ ಮಾತ್ರ ಯಾರೋ ಹೆಬ್ಬೆರಳು ಅಡ್ಡ ಇಟ್ಟ ಹಾಗೆ."

"ಡಿಪೋದಲ್ಲಿ ಕಣ್ಣು ನೋಡ್ತಾರಲ್ಲ?"

"ಬೋರ್ಡಿನ ಅಕ್ಷರ ಬಾಯಿಪಾಠ ಮಾಡ್ಕೊಂಡೆ. ರೂಟೂ ಬಾಯಿಪಾಠನೇ. ರಿಟೈರಾಗೋಕೆ ಇನ್ನೆರಡು ವರ್ಷ ತಾನೇ ಅಂದ್ಕೊಂಡೆ."

"ರಸ್ತೆ ದಾಟೋರು?"

"ಮೊನ್ನೆ ಸೇತುವೆ ಹತ್ರದ ಸ್ಕೂಲಿನ ಹುಡುಗಿ ಒಬ್ಬಳು ಅಡ್ಡ ಬಂದ್ಳು. ಕಂಡಕ್ಟರ್ ಕೂಗಿದ. ಏನೂ ಆಗಲಿಲ್ಲ."

"ಆ ಸ್ಕೂಲಿನ ಯೂನಿಫಾರ್ಮ್ ಹೊಲಿಯೋದು ನಾನು," ಎಂದಳು ಅವಳು.

ಅವನು ಖಾಲಿ ತೆರೆಯತ್ತ ಮುಖ ಮಾಡಿ, "ಡಿಪೋದಲ್ಲಿ ಹೇಳ್ಬಿಡ್ತೀನಿ. ಇದೊಂದು ಸಿನಿಮಾ ಮುಗೀಲಿ," ಎಂದ.

"ನಾಳೆ ಅಲ್ಲ. ಮುಗಿದ ತಕ್ಷಣ."

ಅವನು ತಲೆಯಾಡಿಸಿದ.

ಉಳಿದರ್ಧ ಸಿನಿಮಾವನ್ನು ಅವಳು ಅವನ ಕಿವಿಯಲ್ಲಿ ಹೇಳಿದಳು. "ಮುಂದೆ ಹಳದಿ, ಹಿಂದೆ ಪೊಲೀಸ್ರು. ಈಗ ಸೇತುವೆ ಮುರೀತು. ಹಾರ್ದ. ಒಂದು ಟೈರು ಕಿತ್ಕೊಂಡು ಹೋಯ್ತು ರೀ, ಆದ್ರೂ ಓಡ್ತಿದೆ." ಹಿಂದಿನ ಸಾಲಿನವರು ಗೊಣಗಿದರು, ಅವಳು ನಿಲ್ಲಿಸಲಿಲ್ಲ. ಕಣ್ಣೀರು ಕೆನ್ನೆಗಿಳಿದರೂ ದನಿ ಒಡೆಯಗೊಡಲಿಲ್ಲ. ಈ ಸಲ ಅವನು ಎಲ್ಲರ ಜೊತೆಗೇ ನಕ್ಕ, ಒಮ್ಮೆಯಂತೂ ಎಲ್ಲರಿಗಿಂತ ಜೋರಾಗಿ.

ಟಾಕೀಸಿನಿಂದ ನೇರ ಡಿಪೋಗೆ ನಡೆದರು. ಮ್ಯಾನೇಜರನ ಕೋಣೆಯ ಹೊರಗಿನ ಬೆಂಚಿನಲ್ಲಿ ಅವಳು ಕಾದಳು. ಒಳಗಿನಿಂದ ಏರುದನಿ ಯಾವುದೂ ಕೇಳಿಸಲಿಲ್ಲ. ಅರ್ಧ ಗಂಟೆಯ ಮೇಲೆ ಅವನು ಬಾಗಿಲ ಚೌಕಟ್ಟು ಹಿಡಿದು ಹೊರಬಂದ.

"ಬೈದ್ರಾ?"

"ಇಲ್ಲ. ಕುರ್ಚಿ ಎಳೆದು ಕೂರಿಸಿದ್ರು. ಇಷ್ಟು ವರ್ಷದಲ್ಲಿ ಆ ರೂಮಲ್ಲಿ ಕೂತಿದ್ದು ಇವತ್ತೇ. ಬೈದಿದ್ರೆ ವಾಸಿಯಿತ್ತು."

ಮನೆಯ ಕಡೆಯ ಬಸ್ಸು ಸಂಜೆ ಬಿಸಿಲಿನಲ್ಲಿ ಬಂದು ನಿಂತಿತು. ಅವಳು ನಂಬರು ಓದಿ ಹೇಳಿ, ಅವನ ಮೊಣಕೈ ಹಿಡಿದು ಹತ್ತಿಸಿದಳು. ನಡುವಿನ ಸೀಟಿನಲ್ಲಿ ಇಬ್ಬರೂ ಕೂತರು. ಬಸ್ಸು ಹೊರಟಿತು. ತಿರುವು ಬಂದಾಗಲೆಲ್ಲ ಅವನ ಬಲಗಾಲು ಮುಂದೆ ಸರಿದು, ಬರಿ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.