ಹರಕೆಯ ಹುಂಜ

ಬೆಳುವಾಯಿಯ ಕೋಳಿಗಳಿಗೆ ಶೀಕು ತಗುಲಿದ ಕೂಡಲೇ ನೀಲಾವತಿ ತನ್ನ ಕೆಂಪು ಹುಂಜವನ್ನು ಎತ್ತಿ ಹಿಡಿದು ದೈವಕ್ಕೆ ಹರಕೆ ಹೇಳಿಕೊಂಡಿದ್ದಳು: "ನನ್ನ ಕೋಳಿಗಳನ್ನು ಕಾಪಾಡು. ನಿನ್ನ ಕೋಲದ ದಿನ ಇದನ್ನು ನಿನಗೆ ಒಪ್ಪಿಸ್ತೇನೆ."

ಇವತ್ತು ಕೊನೆಯ ಹೇಂಟೆಯನ್ನೂ ತೆಂಗಿನ ಬುಡದಲ್ಲಿ ಹೂತು, ಹಾರೆಯನ್ನು ಅತ್ತ ಬಿಸಾಡಿದಳು.

"ಅದೂ ಹೋಯ್ತಾ ನೀಲಕ್ಕ?" ಬೇಲಿಯಾಚೆಯಿಂದ ನೆರೆಮನೆಯ ಜೈನಬಮ್ಮ ಕೇಳಿದಳು.

"ಹೋಯ್ತು! ಮದ್ದು ಕೊಟ್ಟೆ, ಬೆಳ್ಳುಳ್ಳಿ ಅರೆದು ಕುಡಿಸಿದೆ, ಗೂಡಿಗೆ ಸುಣ್ಣ ಬಳಿದೆ. ಒಂದು ಹೇಂಟೆಯಾದರೂ ಉಳಿಯಬಾರದಾ ಮಾರಾಯ್ತಿ?"

"ನನ್ನವೂ ಎಲ್ಲ ಸತ್ತವು. ನಿಮಗೆ ಹುಂಜವಾದರೂ ಉಂಟಲ್ಲ. ನಾನು ತವರಿನಿಂದ ಹೇಂಟೆ ತರ್ತೇನೆ, ಮತ್ತೆ ಶುರು ಮಾಡುವ."

ಅಷ್ಟರಲ್ಲಿ ಕೆಂಪು ಹುಂಜ ಖಾಲಿ ಗೂಡಿನ ಮೇಲೆ ಹಾರಿ, ರೆಕ್ಕೆ ಬಡಿದು, ಊರಿಗೇ ಕೇಳುವಂತೆ ಕೂಗಿತು. ನೀಲಾವತಿ ಸಿಟ್ಟಿನಿಂದ ತೆಂಗಿನ ಗೆರಟೆಯೊಂದನ್ನು ಎತ್ತಿದಳು. ಹರಕೆಯ ಕೋಳಿಗೆ ಹೊಡೆಯಬಾರದೆಂಬುದು ನೆನಪಾಗಿ ಕೈ ಇಳಿಸಿದಳು.

"ಅದು ನನ್ನದಲ್ಲ ಜೈನಬಮ್ಮ, ದೈವದ್ದು. ದೈವ ತನ್ನದನ್ನು ಚೆನ್ನಾಗಿಯೇ ಕಾಪಾಡಿಕೊಂಡಿದೆ. ಸತ್ತದ್ದೆಲ್ಲ ನನ್ನದು."