ಕೊಟ್ಟಿಗೆಯ ದೀಪ, ಅಡುಗೆಮನೆಯ ಬೆಲ್

ಸಖುಬಾಯಿ ಕೂಗು ಹಾಕಿದರೆ ಮಾಣಿಕನಗರದ ಅರ್ಧ ಓಣಿ ಪಾತ್ರೆ ಹಿಡಿದು ಹೊರಗೆ ಬರುತ್ತಿತ್ತು. ಹಾಲನ್ನು ಅಳೆದು ಕೊಡುತ್ತಿದ್ದಳು, ಮಾತನ್ನು ಮಾತ್ರ ಅಳೆಯದೆ ಸುರಿಯುತ್ತಿದ್ದಳು. ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲು, ನಾಲಗೆ ಮೂರೂ ಹೋದವು. ಉಳಿದದ್ದು ಎಡಗೈ, ಮತ್ತೆ ಒಳಗೊಳಗೇ ನಿಲ್ಲದೆ ನಡೆಯುವ ಮಾತು.

ಮಗ ಧರ್ಮೇಂದ್ರ ಹುಮನಾಬಾದಿನ ಅಂಗಡಿಯಿಂದ ವೈರಿಲ್ಲದ ಬೆಲ್ ತಂದ. ಬಟನ್ನನ್ನು ಅವಳ ಎಡಗೈಗೆ ದಾರದಿಂದ ಕಟ್ಟಿದ, ಡಬ್ಬಿಯನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದ. ಇಲ್ಲಿ ಒತ್ತಿದರೆ ಅಲ್ಲಿ ಗುಬ್ಬಿ ಕೂಗಿದಂಥ ಸದ್ದು. “ಬಂದ್ನಿ ಅತ್ತಿ,” ಎನ್ನುತ್ತ ಸೊಸೆ ದೀಪಾಲಿ ಹಿಟ್ಟಿನ ಕೈಯಲ್ಲೇ ಬರುತ್ತಿದ್ದಳು. ನೀರು ಬೇಕೋ, ಮಗ್ಗುಲು ಬದಲಿಸಬೇಕೋ, ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಹೋದ ದನಿಯಲ್ಲಿ ಒಂದು ಚೂರು ತಿರುಗಿ ಬಂದಂತಿತ್ತು.

ಆಮೇಲೆ ಧರ್ಮೇಂದ್ರ ಕೊಟ್ಟಿಗೆಗೆ ರಿಮೋಟಿನ ದೀಪ ಹಾಕಿದ. ಅದೇ ಅಂಗಡಿ, ಅದೇ ಸಸ್ತಾ ಮಾಲು. ಸಖುಬಾಯಿಯ ಗಂಡ ದೇವಿಂದ್ರಪ್ಪನಿಗೆ ಆ ರಿಮೋಟು ಆಟಿಕೆಯಾಯಿತು. ಕರು ನೋಡಲು ಒಮ್ಮೆ, ಬೀಡಿ ಹುಡುಕಲು ಒಮ್ಮೆ, ಸುಮ್ಮನೆ ಒಮ್ಮೆ. ಅವನು ಒತ್ತಿದಾಗಲೆಲ್ಲ ಅಡುಗೆಮನೆಯಲ್ಲಿ ಗುಬ್ಬಿ ಕೂಗಿತು. ದೀಪಾಲಿ ಓಡಿ ಬಂದಳು. ಸಖುಬಾಯಿ ತಲೆಯಾಡಿಸಿದಳು, ನಾನಲ್ಲ.

“ಕರೀತೀರಿ, ಬಂದ್ರ ಇಲ್ಲ ಅಂತೀರಿ. ರೊಟ್ಟಿ ಸುಟ್ಟು ಹೋದ್ವು. ನನ್ನ ಕೂಡ ಯಾಕ್ರಿ ಹಠ?”

ಸಖುಬಾಯಿಗೆ ಕಿಟಕಿಯಿಂದ ಕೊಟ್ಟಿಗೆ ಕಾಣುತ್ತದೆ. ದೀಪ ಹತ್ತಿದರೆ ಗುಬ್ಬಿ, ಆರಿದರೆ ಗುಬ್ಬಿ. ತಾನು ಒತ್ತಿದರೆ ಅತ್ತ ದೀಪವೂ ಹತ್ತುತ್ತದೆ. ಎರಡು ಬಟನ್ನಿನದೂ ಒಂದೇ ಕೂಗು; ಕರೆದವರು ಯಾರೆಂದು ಡಬ್ಬಿಗೂ ತಿಳಿಯದು, ದೀಪಕ್ಕೂ ತಿಳಿಯದು. ಎರಡು ಮಾತಿನಲ್ಲಿ ಮುಗಿಯುವ ಸಂಗತಿ. ಆ ಎರಡು ಮಾತೇ ಇಲ್ಲ. ಎಡಗೈಯನ್ನು ಕಿಟಕಿಯ ಕಡೆಗೆ ಚಾಚಿದಳು.

“ಎಮ್ಮಿ ಚಿಂತಿ ಹತ್ಯಾದ ಅಕಿಗಿ,” ಎಂದ ದೇವಿಂದ್ರಪ್ಪ.

ಬಸವಕಲ್ಯಾಣದಿಂದ ಮಗಳು ಮನಿಷಾ ಬರುವ ಸುದ್ದಿ ಕೇಳಿ ಸಖುಬಾಯಿಗೆ ಜೀವ ಬಂತು. ತಾಯಿಯ ಹುಬ್ಬು ಅಲುಗಿದರೆ ಅರ್ಥ ಮಾಡಿಕೊಳ್ಳುವ ಮಗಳು. ಬಂದವಳಿಗೆ ಕಿಟಕಿ ತೋರಿಸಿದಳು, ಬಟನ್ ತೋರಿಸಿದಳು, ಮತ್ತೆ ಕಿಟಕಿ. ಮನಿಷಾಳ ಕಣ್ಣು ತುಂಬಿ ಬಂತು.

“ತಿಳೀತವ್ವ. ತಡಿ.”

ಹೊರಗೆ ಹೋದಳು. ಸಖುಬಾಯಿ ಕಿಟಕಿಯ ಕಡೆ ಕತ್ತು ಹೊರಳಿಸಿದಳು. ಅಂಗಳದಲ್ಲಿ ಗೊರಸಿನ ಸಪ್ಪಳವಾಯಿತು. ಮನಿಷಾ ಎಮ್ಮೆಯ ಹಗ್ಗ ಹಿಡಿದು ಕಿಟಕಿಯ ಮುಂದೆ ತಂದು ನಿಲ್ಲಿಸಿದ್ದಳು. ಅದು ಸರಳುಗಳ ನಡುವೆ ಮೂತಿ ತೂರಿಸಿ ಬುಸ್ಸೆಂದು ಉಸಿರು ಬಿಟ್ಟಿತು.

“ನೋಡವ್ವ, ಹ್ಯಾಂಗ ಮೇದು ತಿಂದು ದುಂಡಗ ಆಗ್ಯಾದ. ನನ್ನಕಿಂತ ಚಲೋ ಅದ.”

ಎಲ್ಲರೂ ನಕ್ಕರು. ಸಖುಬಾಯಿ ಅತ್ತಳು. ಖುಷಿಗೆ ಅಳುತ್ತಾಳೆಂದರು.

ಚಹಾ ಕುಡಿಯುವಾಗ ಗುಬ್ಬಿ ಮತ್ತೆ ಕೂಗಿತು. “ಅಕ್ಕಾ, ದಿನಾ ಹಿಂಗೇ ನೋಡ್ರಿ,” ಎಂದಳು ದೀಪಾಲಿ. ಮನಿಷಾ ದನಿ ತಗ್ಗಿಸಿದಳು. ಅದು ಗೋಡೆಯಾಚೆಗೂ ಕೇಳಿಸಿತು.

“ತಲಿಗೂ ಹೊಡದಂಗ ಕಾಣ್ತದ. ಡಬ್ಬಿ ತಗದಿಡು ದೀಪಾಲಿ. ನಡುನಡುವ ಹೋಗಿ ನೋಡಿದ್ರಾಯ್ತು.”

ಮನಿಷಾ ಬಸ್ಸು ಹತ್ತಿ ಹೋದಳು. ಮುಚ್ಚಂಜೆಗೆ ಸಖುಬಾಯಿಯ ಹಾಸಿಗೆ ಒದ್ದೆಯಾಗಿತ್ತು. ಒತ್ತಿದಳು. ಡಬ್ಬಿ ಕಿತ್ತಿಟ್ಟ ಅಡುಗೆಮನೆಯಲ್ಲಿ ಸದ್ದಿಲ್ಲ. ಕೊಟ್ಟಿಗೆಯ ದೀಪ ಹತ್ತಿತು. ಒತ್ತಿದಳು, ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಯಾರಾದರೂ ನೋಡಿಯೇ ನೋಡುತ್ತಾರೆ ಎಂದು ಹೆಬ್ಬೆರಳು ನೋಯುವವರೆಗೆ ಒತ್ತಿದಳು.

“ಧರ್ಮ್ಯಾ, ಈ ಲೈಟಿಗಿ ಏನಾಗ್ಯಾದೋ? ಎಮ್ಮಿ ಬೆದರಾಕತ್ಯಾದ,” ಎಂದ ದೇವಿಂದ್ರಪ್ಪ.

“ಸಸ್ತಾ ಮಾಲ್ ಅಲ್ಲೇನಪ್ಪ. ತಗದೇ ಬಿಡ್ತೀನಿ.”

ಧರ್ಮೇಂದ್ರ ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಕಟ್ಟೆ ಹತ್ತಿ ನಿಂತ. ದೀಪ ಹತ್ತಿದಾಗ ಅವನ ಮುಖ ಕಿಟಕಿಗೆ ನೇರವಾಗಿತ್ತು. ಸಖುಬಾಯಿ ಇನ್ನೂ ಜೋರಾಗಿ ಒತ್ತಿದಳು. ಬೆಳಕು ಕುಕ್ಕಿ ಅವನು ಕಣ್ಣು ಮುಚ್ಚಿಕೊಂಡ. ಲುಂಗಿಯ ಅಂಚಿನಿಂದ ಬಲ್ಬು ಹಿಡಿದು, ತಿರುಗಿಸಿ, ಬಿಚ್ಚಿದ.