ಮೂರು ಗೂಡು

ಜಯರಾಮಪ್ಪನವರಿಗೆ ಎಂಬತ್ತೇಳು ತುಂಬಿದ್ದರೂ ಅವರ ಅನುಮಾನಕ್ಕೆ ಮಾತ್ರ ಇನ್ನೂ ಹರೆಯ. ಕೈವಾರದ ಮನೆ ಬಾಗಿಲಿಗೆ ಬಂದ ಹುಡುಗಿ, ತಾನು ಮುನಿಶಾಮಪ್ಪನ ಮೊಮ್ಮಗಳು ಸೌಜನ್ಯ ಎಂದಾಗ ಅವರು ಕೂತುಕೋ ಎನ್ನಲಿಲ್ಲ. ರಸ್ತೆಯಲ್ಲಿ ನಿಂತಿದ್ದ ಕಾರನ್ನು ದುರುಗುಟ್ಟಿ ನೋಡಿದರು. ಹಿಂದಿನ ಸೀಟಿನಲ್ಲಿ ಯಾರೋ ಇದ್ದರು.

"ನಿಮ್ ತಾತನೇ ಕಳಿಸಿದ್ನಾ?"

"ಇಲ್ಲ ತಾತ, ನಾನೇ ಕರ್ಕೊಂಡ್ ಬಂದೆ. ಅವರಿಗೆ ಇಳಿಯೋಕೆ ಭಯ."

ಇರಬೇಕಾದ್ದೇ ಎಂದುಕೊಂಡರು ಜಯರಾಮಪ್ಪ. ಐವತ್ತೊಂಬತ್ತನೇ ಇಸವಿಯಲ್ಲಿ ಇಬ್ಬರೂ ಚಿಂತಾಮಣಿ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದರು. ಮುನಿಶಾಮಪ್ಪ ನಾಯಕ, ಇವರು ಗೋಲು ಹೊಡೆಯುವವರು. ಆ ವರ್ಷದ ರಾಷ್ಟ್ರೀಯ ಪಂದ್ಯಗಳಿಗೆ ಮೈಸೂರು ರಾಜ್ಯದ ತಂಡದಲ್ಲಿ ಇವರ ಹೆಸರು ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಆಯ್ಕೆ ಸಮಿತಿಯವರು ಅದನ್ನು ಹೊಡೆದುಹಾಕಿದರು. ಆಗ ಆಡಿದ್ದಕ್ಕೆಂದು ಆಟಗಾರ ಹಣ, ವಸ್ತು ಏನನ್ನೂ ಪಡೆಯುವಂತಿರಲಿಲ್ಲ, ಹವ್ಯಾಸಿ ಎಂದರೆ ಹವ್ಯಾಸಿ. 'ನೀನು ಪ್ರತಿಫಲ ಪಡೆಯುತ್ತೀಯ, ನಿಮ್ಮ ನಾಯಕನೇ ಬರೆದಿದ್ದಾನೆ' ಎಂದಷ್ಟೇ ಹೇಳಿ ಕಳಿಸಿದರು. ಅಂದಿನಿಂದ ಗೆಳೆಯ ಮನೆಗೆ ಬಂದರೆ ಇವರು ಹಿತ್ತಲಿಗೆ ಹೋಗುತ್ತಿದ್ದರು, ಕಾಗದ ಬಂದರೆ ಒಡೆಯದೆ ಒಲೆಗೆ ಹಾಕುತ್ತಿದ್ದರು. ಯಾಕೆಂದು ಒಂದು ಮಾತು ಹೇಳಿದವರಲ್ಲ.

ಸೌಜನ್ಯ ಹಳೆಯ ಆಟಗಾರರ ಬಗ್ಗೆ ಪುಸ್ತಕ ಮಾಡುತ್ತಿದ್ದಳಂತೆ. ಸಮಿತಿಯ ಕಡತದಲ್ಲಿ ಸಿಕ್ಕಿದ ಪತ್ರದ ಜೆರಾಕ್ಸ್ ಚಾಚಿದಳು.

ಜಯರಾಮಪ್ಪ ಅದನ್ನು ಮೊದಲು ಬೆಳಕಿಗೆ ಹಿಡಿದರು. ಈಗ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಹುಟ್ಟಿಸುತ್ತಾರೆ. ಆದರೆ ಅಕ್ಷರಕ್ಕೆ ಹಾಗೆ ಬಾಲ ಎಳೆಯುವುದು ಮುನಿಶಾಮಪ್ಪನ ಕೈಯೇ. 'ನಮ್ಮ ಜಯರಾಮಪ್ಪನಂಥವನು ಇನ್ನೊಬ್ಬನಿಲ್ಲ. ಗೌರಿಬಿದನೂರಿನಲ್ಲಿ ಎರಡು ಗೂಡು, ಶಿಡ್ಲಘಟ್ಟದಲ್ಲಿ ಮೂರು ಗೂಡು. ದಯವಿಟ್ಟು ಸೇರಿಸಿಕೊಳ್ಳಿ.' ಅಂಚಿನಲ್ಲಿ ಬೇರೆ ಯಾರದೋ ಬರಹ: 'ಆಟಕ್ಕೆ ರೇಷ್ಮೆಗೂಡು ಪಡೆಯುತ್ತಾನೆ. ಹವ್ಯಾಸಿಯಲ್ಲ.'

"ಗೂಡು ಅಂದ್ರೆ ಏನು ತಾತ? ನಮ್ ತಾತನ್ನ ಕೇಳಿದ್ರೆ, ಆ ಮಾತು ಹುಟ್ಟಿಸಿದೋನ್ನೇ ಕೇಳು ಅಂತ ಅಳ್ತಾರೆ."

ಬಲೆ ಕಟ್ಟಿದ ಗೋಲನ್ನು ಮೊದಲ ಸಲ ಕಂಡಾಗ ಅದನ್ನು ಗೂಡು ಎಂದವರು ಜಯರಾಮಪ್ಪನವರೇ. ಚೆಂಡು ಒಳಗೆ ಹೋದಾಗಲೆಲ್ಲ "ಒಂದು ಗೂಡು ಕಣೋ" ಎಂದು ಕೂಗಿ ಇಡೀ ತಂಡಕ್ಕೆ ಆ ಮಾತು ಹತ್ತಿಸಿದ್ದರು. ರೇಷ್ಮೆ ಸೀಮೆಯ ಯಾವನೋ ಸಮಿತಿಯಲ್ಲಿ ಕೂತು, ಗೂಡೆಂದರೆ ರೇಷ್ಮೆಯದೇ ಎಂದುಕೊಂಡಿದ್ದ. 'ದಯವಿಟ್ಟು' ಎಂಬ ಪದದ ಮೇಲೆ ಜಯರಾಮಪ್ಪ ಬೆರಳಾಡಿಸಿದರು. ಅರವತ್ತಾರು ವರ್ಷ. ನಾಚಿಕೆಯಾಯಿತು.

ಕೋಲೂರಿಕೊಂಡು ಹೋಗಿ ಕಾರಿನ ಗಾಜು ತಟ್ಟಿದರು. ಒಳಗಿದ್ದ ಮುದುಕ ಮುಖಕ್ಕೆ ಟವೆಲು ಹಿಡಿದಿದ್ದ. ಕ್ಷಮಿಸು ಎನ್ನಲು ಬಂದವರು ಜಗಳ ತೆಗೆದರು.

"ಶಿಡ್ಲಘಟ್ಟದಲ್ಲಿ ನಾನ್ ಹೊಡೆದಿದ್ದು ನಾಲ್ಕು," ಎಂದರು. "ಮೂರು ಅಂತ ಯಾಕೋ ಬರೆದೆ?"

ಮುನಿಶಾಮಪ್ಪ ಟವೆಲು ಇಳಿಸಿದ.

"ನಾಲ್ಕನೇದು ನಿನ್ ಕೈಗೆ ತಗುಲಿತ್ತು. ನಾನೊಬ್ಬನೇ ನೋಡಿದ್ದು. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ಕಣೋ."